ಟಿಕೆಟ್‌ಗೆ ಎಂಟಾಣೆ: ಚಿದಂಬರಂ ಪಿಳ್ಳೈ ಅವರ ಹಡಗು ಕಂಪನಿ ನಿಂತದ್ದು ಯಾಕೆ?

ಮೈಸೂರಿನಿಂದ ಸಂಜೆ ಹೊರಡುವ ತೂತುಕುಡಿ ಎಕ್ಸ್‌ಪ್ರೆಸ್ ಬೆಂಗಳೂರು, ಸೇಲಂ, ಮದುರೈ ದಾಟಿ ಮರುದಿನ ಬೆಳಿಗ್ಗೆ ಕೋವಿಲ್‌ಪಟ್ಟಿಗೆ ಬರುತ್ತದೆ. ಆಮೇಲೆ ವಾಂಚಿ ಮಣಿಯಾಚ್ಚಿ ಎಂಬ ಜಂಕ್ಷನ್. ಅಲ್ಲಿಂದ ಕೊನೆಯ ನಿಲ್ದಾಣ ತೂತುಕುಡಿ ದೂರವಿಲ್ಲ. ಈ ಮೂರು ಊರಿನ ಹೆಸರೂ ಒಬ್ಬನೇ ಮನುಷ್ಯನ ಕತೆಯಲ್ಲಿ ಬರುತ್ತವೆ. ಅವರೇ ವಿ. ಓ. ಚಿದಂಬರಂ ಪಿಳ್ಳೈ. ತಮಿಳರು ಪ್ರೀತಿಯಿಂದ ವ.ಉ.ಸಿ. ಅನ್ನುತ್ತಾರೆ. ಹಡಗು ಓಡಿಸಿದ ತಮಿಳ ಎಂಬುದು ಅವರ ಇನ್ನೊಂದು ಹೆಸರು.

ನಮ್ಮಲ್ಲಿ ಅವರ ಕತೆ ಗೊತ್ತಿರುವವರಿಗೂ ಸಾಮಾನ್ಯವಾಗಿ ಒಂದು ಸಾಲು ಮಾತ್ರ ಗೊತ್ತು. ಸ್ವದೇಶಿ ಹಡಗು ಕಂಪನಿ ಶುರು ಮಾಡಿದರು, ಬ್ರಿಟಿಷ್ ಕಂಪನಿ ಪುಕ್ಕಟೆ ಟಿಕೆಟ್ ಕೊಟ್ಟು, ಮೇಲೊಂದು ಕೊಡೆ ಕೊಟ್ಟು ಇವರನ್ನು ಮುಳುಗಿಸಿತು ಅಂತ. ಕೇಳಲು ಚೆನ್ನಾಗಿದೆ. ಆದರೆ ಪೂರ್ತಿ ಸರಿಯಿಲ್ಲ ಎಂದು ನನಗೆ ಅನ್ನಿಸುತ್ತದೆ. ಕೊಡೆಯ ಯುದ್ಧ ನಡೆದಾಗ ಕಂಪನಿ ಬದುಕಿತ್ತು. ಅದು ನಿಂತದ್ದು ಆಮೇಲೆ, ಬೇರೆ ಕಾರಣಕ್ಕೆ. ಆ ಕಾರಣವನ್ನು ಹಿಡಿಯಬೇಕಾದರೆ ಒಬ್ಬ ರಾಜಕೀಯ ಮನುಷ್ಯ ವ್ಯಾಪಾರಕ್ಕೆ ಇಳಿದಾಗ ಅವನ ಜೊತೆ ಏನೇನು ಬರುತ್ತದೆ ಎಂದು ನೋಡಬೇಕು.

ಊರು ಮತ್ತು ದಾರಿ

ಮೊದಲು ಊರನ್ನು ನೋಡೋಣ. 1876ರಲ್ಲಿ ತೂತುಕುಡಿಗೆ ರೈಲು ಬಂತು. ಆಗಿನಿಂದ ಮದ್ರಾಸಿನಿಂದ ಕೊಲಂಬೊಗೆ ಹೋಗುವವರ ಮುಖ್ಯ ದಾರಿ ಅದೇ ಆಯಿತು. ರೈಲಿನಲ್ಲಿ ತೂತುಕುಡಿವರೆಗೆ, ಅಲ್ಲಿಂದ ಹಡಗಿನಲ್ಲಿ ಒಂದು ರಾತ್ರಿ, ಬೆಳಗಾದರೆ ಕೊಲಂಬೊ. ಬಂದರಿನ ಹತ್ತಿರ ನೀರು ಆಳವಿರಲಿಲ್ಲ. ದೊಡ್ಡ ಹಡಗುಗಳು ಕೆಲವು ಮೈಲಿ ಆಚೆ ಲಂಗರು ಹಾಕುತ್ತಿದ್ದವು. ಜನರನ್ನೂ ಮೂಟೆಗಳನ್ನೂ ದೋಣಿಯಲ್ಲಿ ಸಾಗಿಸಬೇಕಿತ್ತು. ಸಿಲೋನಿನ ಟೀ ತೋಟಗಳಿಗೆ ಹೋಗುವ ತಮಿಳು ಕೂಲಿಗಳು, ಅಕ್ಕಿ, ಬಟ್ಟೆ, ಒಣಮೀನು ವ್ಯಾಪಾರಿಗಳು, ಎಲ್ಲರಿಗೂ ಆ ಹಡಗು ಬೇಕು.

ಆ ಹಡಗು ಯಾರದು? ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯದು. ಚಿಕ್ಕದಾಗಿ ಬಿ.ಐ. ಎನ್ನೋಣ. ವಿಲಿಯಂ ಮೆಕಿನನ್ 1856ರಲ್ಲಿ ಹುಟ್ಟುಹಾಕಿದ ಕಂಪನಿ ಅದು. ಸರ್ಕಾರದ ಅಂಚೆ ಸಾಗಿಸುವ ಗುತ್ತಿಗೆಯ ಬಲದಲ್ಲಿ ಬೆಳೆದು ಇಡೀ ಹಿಂದೂ ಮಹಾಸಾಗರದ ಕರಾವಳಿ ಹಿಡಿದಿತ್ತು. ತೂತುಕುಡಿಯಲ್ಲಿ ಅದರ ಏಜೆಂಟರು ಎ. ಅಂಡ್ ಎಫ್. ಹಾರ್ವೆ. ಊರಿನ ದೊಡ್ಡ ಹತ್ತಿ ಗಿರಣಿ ಕೋರಲ್ ಮಿಲ್ಸ್ ಕೂಡ ಇದೇ ಹಾರ್ವೆ ಮನೆತನದ್ದು. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ವಕೀಲ, ಆಮೇಲೆ ರಾಜಕಾರಣಿ, ಆಮೇಲೆ ಹಡಗಿನವ

ಚಿದಂಬರಂ ಪಿಳ್ಳೈ ಹುಟ್ಟಿದ್ದು 1872ರ ಸೆಪ್ಟೆಂಬರ್ 5ರಂದು, ಒಟ್ಟಪಿಡಾರಂ ಎಂಬ ಊರಿನಲ್ಲಿ. ತಂದೆ ಉಲಗನಾಥ ಪಿಳ್ಳೈ ವಕೀಲರು. ಮಗನೂ ತಿರುಚ್ಚಿಯಲ್ಲಿ ಕಾನೂನು ಓದಿ ವಕೀಲನಾದ. 1900ರ ಹೊತ್ತಿಗೆ ತೂತುಕುಡಿಗೆ ಬಂದು ನೆಲೆಸಿದರು. ಬಡವರ ಪರ ಕೇಸು ಹಿಡಿಯುವವರು ಎಂಬ ಹೆಸರು ಬಂತು.

1905ರ ಬಂಗಾಳ ವಿಭಜನೆಯ ನಂತರ ಸ್ವದೇಶಿ ಚಳವಳಿ ದಕ್ಷಿಣಕ್ಕೂ ಬಂತು. ಪಿಳ್ಳೈ ತಿಲಕರ ಕಡೆಯವರಾದರು. ಮದ್ರಾಸಿನಲ್ಲಿ ರಾಮಕೃಷ್ಣ ಮಠದ ರಾಮಕೃಷ್ಣಾನಂದರನ್ನು ಕಂಡಿದ್ದರು. ಕವಿ ಸುಬ್ರಹ್ಮಣ್ಯ ಭಾರತಿ ಗೆಳೆಯರು. ತೂತುಕುಡಿಯಲ್ಲಿ ಸ್ವದೇಶಿ ಅಂಗಡಿ, ನೇಯ್ಗೆ ಶಾಲೆ, ಪ್ರಚಾರ ಸಭೆ ಎಂದು ಒಂದರ ಹಿಂದೆ ಒಂದು ಶುರು ಮಾಡಿದರು. ಅಂಗಡಿ ಮತ್ತು ನೇಯ್ಗೆಯನ್ನು ಬೇರೆ ಊರುಗಳಲ್ಲೂ ಮಾಡುತ್ತಿದ್ದರು. ಹಡಗಿನ ಮಾತು ಬಂದದ್ದು ತೂತುಕುಡಿಯ ಕಾರಣಕ್ಕೆ. ಆ ಊರಿನಲ್ಲಿ ಪರದೇಶಿ ವ್ಯಾಪಾರ ಅಂದರೆ ಕಣ್ಣಿಗೆ ಕಾಣುವುದು ಹಡಗು.

1906ರ ಅಕ್ಟೋಬರ್ 16ರಂದು ಸ್ವದೇಶಿ ಸ್ಟೀಮ್ ನ್ಯಾವಿಗೇಷನ್ ಕಂಪನಿ ನೋಂದಣಿಯಾಯಿತು. ಬಂಡವಾಳ 10 ಲಕ್ಷ ರೂಪಾಯಿ. 25 ರೂಪಾಯಿಯ 40,000 ಷೇರು. ಷೇರು ಏಷ್ಯಾದವರಿಗೆ ಮಾತ್ರ. ಭಾರತೀಯರು, ಸಿಲೋನಿನವರು ಕೊಳ್ಳಬಹುದು, ಯುರೋಪಿನವರು ಕೊಳ್ಳುವಂತಿಲ್ಲ. ಮದುರೈ ತಮಿಳು ಸಂಘದ ಪಾಂಡಿತ್ತುರೈ ತೇವರ್ ಅಧ್ಯಕ್ಷರು. ಹಾಜಿ ಮೊಹಮ್ಮದ್ ಬಕೀರ್ ಸೇಟ್ ಒಬ್ಬರೇ 8,000 ಷೇರು ತೆಗೆದುಕೊಂಡರು, ಅಂದರೆ 2 ಲಕ್ಷ ರೂಪಾಯಿ. ಪಿಳ್ಳೈ ಅವರ ಸ್ಥಾನ ಸಹಾಯಕ ಕಾರ್ಯದರ್ಶಿ. ಕಾಗದದ ಮೇಲೆ ಅಷ್ಟೇ.

25 ರೂಪಾಯಿಯ ಷೇರು ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ದೊಡ್ಡ ಸಾಹುಕಾರರು ಮಾತ್ರ ಬರಲಿ ಎಂದಿದ್ದರೆ ಬೆಲೆ ಜಾಸ್ತಿ ಇಡಬಹುದಿತ್ತು. ಇವರಿಗೆ ಶಾಲೆ ಮೇಷ್ಟ್ರು, ಸಣ್ಣ ವಕೀಲ, ಅಂಗಡಿಯವನೂ ಬೇಕಿತ್ತು. ಅವರನ್ನು ತರುವುದು ಹೇಗೆ? ಊರೂರಿಗೆ ಹೋಗಿ ಮಾತಾಡಿ. ಷೇರು ಮಾರುವ ಸಭೆಯೂ ರಾಜಕೀಯ ಸಭೆಯೂ ಒಂದೇ ಆಗಿತ್ತು. ಕಂಪನಿಯ ನಿಯಮದಲ್ಲಿ ಇನ್ನೂ ದೊಡ್ಡ ಆಸೆಗಳಿದ್ದವು. ಹಡಗು ನಡೆಸುವ ವಿದ್ಯೆಯನ್ನು ನಮ್ಮವರಿಗೆ ಕಲಿಸಬೇಕು, ಹಡಗು ಕಟ್ಟುವುದನ್ನೂ ಕಲಿಸಬೇಕು ಅಂತ. ಒಂದೂ ಸ್ವಂತ ಹಡಗು ಇಲ್ಲದಾಗ ಬರೆದುಕೊಂಡ ಮಾತು ಇದು. ಅದನ್ನು ಓದಿದಾಗ ನನಗೆ ಮೈ ಜುಮ್ಮೆನ್ನುತ್ತದೆ.

ಬಾಡಿಗೆ ಹಡಗಿನ ಪಾಠ

ಮೊದಲು ಅವರು ಮುಂಬೈಯ ಷಾ ಲೈನ್ ಎಂಬ ಕಂಪನಿಯಿಂದ ಹಡಗು ಬಾಡಿಗೆಗೆ ಪಡೆದರು. ಬಿ.ಐ. ಆ ಕಂಪನಿಯ ಮೇಲೆ ಒತ್ತಡ ಹಾಕಿತು. ಷಾ ಲೈನ್ ಹಿಂದೆ ಸರಿಯಿತು. ಟಿಕೆಟ್ ಮಾರಿ ಆಗಿದೆ, ಜನ ಕಾಯುತ್ತಿದ್ದಾರೆ, ಹಡಗೇ ಇಲ್ಲ! ಪಿಳ್ಳೈ ಕೊಲಂಬೊದಿಂದ ಒಂದು ಹಡಗು ಹೇಗೋ ಹೊಂದಿಸಿ ಓಡಿಸಿದರು.

ಬಾಡಿಗೆ ಹಡಗಿನಲ್ಲಿ ಸ್ಪರ್ಧೆ ಮಾಡಿದರೆ ಎದುರಾಳಿ ನಿಮ್ಮ ಹತ್ತಿರ ಬರಬೇಕಾಗಿಲ್ಲ, ಮಾಲೀಕನ ಕಿವಿ ಹಿಂಡಿದರೆ ಸಾಕು. ಇದು ಅವರಿಗೆ ಮೊದಲ ಕೆಲವೇ ತಿಂಗಳಲ್ಲಿ ಅರ್ಥವಾಯಿತು. ಸ್ವಂತ ಹಡಗು ತರಲು ಅವರು ಉತ್ತರಕ್ಕೆ ಹೊರಟರು. ಮನೆಯಲ್ಲಿ ಮಗನಿಗೆ ಹುಷಾರಿಲ್ಲ, ಹೆಂಡತಿ ಮೀನಾಕ್ಷಿ ಬಸುರಿ. ವಾಪಸ್ ಬಂದರೆ ಹಡಗಿನ ಜೊತೆ ಬರುತ್ತೇನೆ, ಇಲ್ಲವಾದರೆ ಸಮುದ್ರದಲ್ಲೇ ಜೀವ ಬಿಡುತ್ತೇನೆ ಎಂದು ಹೇಳಿ ಹೋದರು ಎಂಬ ಮಾತು ಆ ಕಡೆ ಇವತ್ತಿಗೂ ಇದೆ.

ಹಡಗು ಬಂತು. 1907ರಲ್ಲಿ ಫ್ರಾನ್ಸಿನಿಂದ ಕೊಂಡ ಎಸ್.ಎಸ್. ಗ್ಯಾಲಿಯಾ, ಅದರ ಹಿಂದೆಯೇ ಎಸ್.ಎಸ್. ಲಾವೋ ತೂತುಕುಡಿಗೆ ಬಂದವು. ಒಂದೊಂದರಲ್ಲೂ ಮೊದಲ ದರ್ಜೆಯಲ್ಲಿ 42, ಎರಡನೇ ದರ್ಜೆಯಲ್ಲಿ 24, ಸಾಮಾನ್ಯ ದರ್ಜೆಯಲ್ಲಿ 1,300 ಜನ ಕೂರಬಹುದಿತ್ತು. ಜೊತೆಗೆ 4,000 ಮೂಟೆ ಸರಕು. ಭಾರತಿ ತಮ್ಮ ಪತ್ರಿಕೆಯಲ್ಲಿ ಸಂಭ್ರಮದಿಂದ ಬರೆದರು. ಷೇರು ಕೊಂಡವರಿಗೆ ತಮ್ಮ 25 ರೂಪಾಯಿ ನೀರಿನ ಮೇಲೆ ತೇಲುತ್ತಿರುವುದು ಕಾಣಿಸಿತು.

ಎಂಟಾಣೆ ಲೆಕ್ಕ

ಈಗ ದರದ ಜಗಳಕ್ಕೆ ಬರೋಣ. ಬಿ.ಐ. ಕೊಲಂಬೊ ಟಿಕೆಟ್ಟನ್ನು 1 ರೂಪಾಯಿಗೆ ಇಳಿಸಿತು. ಸ್ವದೇಶಿ ಕಂಪನಿ ಅರ್ಧ ರೂಪಾಯಿಗೆ ಇಳಿಸಿತು, ಅಂದರೆ ಎಂಟಾಣೆ. ಆಗ ಬಿ.ಐ. ಪುಕ್ಕಟೆ ಕರೆದುಕೊಂಡು ಹೋಗುತ್ತೇವೆ, ಜೊತೆಗೆ ಒಂದು ಕೊಡೆಯನ್ನೂ ಕೊಡುತ್ತೇವೆ ಎಂದಿತು. ಪಿಳ್ಳೈ ಅವರನ್ನು ದುಡ್ಡು ಕೊಟ್ಟು ಹಿಂದೆ ಸರಿಸುವ ಪ್ರಯತ್ನವೂ ನಡೆಯಿತು. ಅವರು ಒಪ್ಪಲಿಲ್ಲ.

ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ಸಾಮಾನ್ಯ ದರ್ಜೆಯ 1,300 ಜಾಗವೂ ತುಂಬಿತು ಅಂದುಕೊಳ್ಳಿ. ತಲೆಗೆ 1 ರೂಪಾಯಿಯಂತೆ 1,300 ರೂಪಾಯಿ. ಎಂಟಾಣೆಯಂತೆ 650 ರೂಪಾಯಿ. ಅದರಲ್ಲೇ ಕಲ್ಲಿದ್ದಲು, ಹಡಗಿನವರ ಸಂಬಳ, ದೋಣಿ ಕೂಲಿ, ಬಂದರು ಶುಲ್ಕ, ರಿಪೇರಿ. ಹಡಗು ತುಂಬದ ದಿನವೂ ಕಲ್ಲಿದ್ದಲು ಅಷ್ಟೇ ಉರಿಯುತ್ತದೆ. ಬಿ.ಐ.ಗೆ ತೂತುಕುಡಿ ನೂರಾರು ದಾರಿಗಳಲ್ಲಿ ಒಂದು. ಇಲ್ಲಿನ ನಷ್ಟವನ್ನು ರಂಗೂನಿನಲ್ಲೋ ಕಲ್ಕತ್ತಾದಲ್ಲೋ ತುಂಬಿಕೊಳ್ಳಬಹುದು. ಸ್ವದೇಶಿ ಕಂಪನಿಗೆ ಇರುವುದು ಒಂದೇ ದಾರಿ.

ಇದು ಹೊಸ ಆಟವೇನೂ ಆಗಿರಲಿಲ್ಲ. 1884ರಲ್ಲಿ ಕವಿ ರವೀಂದ್ರರ ಅಣ್ಣ ಜ್ಯೋತಿರಿಂದ್ರನಾಥ ಟ್ಯಾಗೋರ್ ಬಂಗಾಳದ ಬಾರಿಸಾಲ್ ದಾರಿಯಲ್ಲಿ ಹಡಗು ಓಡಿಸಿ, ಬ್ರಿಟಿಷರ ಫ್ಲೋಟಿಲ್ಲಾ ಕಂಪನಿಯ ಎದುರು ಕೈ ಸುಟ್ಟುಕೊಂಡಿದ್ದರು. 1890ರ ದಶಕದಲ್ಲಿ ಜಮ್ಷೆಡ್‌ಜಿ ಟಾಟಾ ಅವರಿಗೂ ಇದೇ ಆಯಿತು. ಮುಂಬೈಯಿಂದ ಜಪಾನಿಗೆ ಹತ್ತಿ ಸಾಗಿಸಲು ಬ್ರಿಟಿಷರ ಪಿ. ಅಂಡ್ ಓ. ಹಡಗು ಕಂಪನಿ ಟನ್ನಿಗೆ 19 ರೂಪಾಯಿ ಕೇಳುತ್ತಿತ್ತು. ಟಾಟಾ ಜಪಾನಿನ ಹಡಗು ಕಂಪನಿಯೊಂದರ ಜೊತೆ ಸೇರಿ 12 ರೂಪಾಯಿಗೆ ಸಾಗಿಸುತ್ತೇನೆ ಎಂದರು. ಪಿ. ಅಂಡ್ ಓ. ದರವನ್ನು ಒಂದೂವರೆ ರೂಪಾಯಿಗೆ ತಂದಿತು. ಟಾಟಾ ಜೊತೆ ನಿಲ್ಲುತ್ತೇವೆ ಎಂದಿದ್ದ ವ್ಯಾಪಾರಿಗಳು ಒಬ್ಬೊಬ್ಬರಾಗಿ ಆ ಕಡೆ ಸರಿದರು. ಟಾಟಾ ಲೈನ್ ಮುಚ್ಚಿತು.

ಟಾಟಾ ಅವರಂಥ ದುಡ್ಡಿರುವವರೇ ಸೋತ ಜಾಗದಲ್ಲಿ ಒಬ್ಬ ಜಿಲ್ಲಾ ವಕೀಲರ ಕಂಪನಿ ಯಾಕೆ ತಕ್ಷಣ ಮುಳುಗಲಿಲ್ಲ? ನನ್ನ ಉತ್ತರ ಇದು. ಟಾಟಾ ಅವರ ಗಿರಾಕಿ ಹತ್ತಿ ವ್ಯಾಪಾರಿ. ಅವನಿಗೆ ಟನ್ನಿಗೆ ಎಷ್ಟು ಉಳಿಯಿತು ಎಂಬುದೇ ಮುಖ್ಯ. ಪಿಳ್ಳೈ ಅವರ ಗಿರಾಕಿ ಅವರ ಭಾಷಣ ಕೇಳಿ ಬಂದವನು. ಪುಕ್ಕಟೆ ಹಡಗು ಪಕ್ಕದಲ್ಲೇ ನಿಂತಿದ್ದರೂ ಎಂಟಾಣೆ ಕೊಟ್ಟು ಇವರ ಹಡಗು ಹತ್ತುವ ಜನ ಇದ್ದರು. ಆ ಎಂಟಾಣೆಯಲ್ಲಿ ಟಿಕೆಟ್ ಎಷ್ಟು, ಚಂದಾ ಎಷ್ಟು ಎಂದು ಬೇರೆ ಮಾಡಲು ಆಗುವುದಿಲ್ಲ. ಕಂಪನಿಯ ನಿಜವಾದ ಬಂಡವಾಳ ಅಲ್ಲಿತ್ತು. ಕಾಗದದ 10 ಲಕ್ಷಕ್ಕಿಂತ ಈ ನಂಬಿಕೆಯ ಬೆಲೆ ಜಾಸ್ತಿ.

ಆದರೆ ಅದು ದಿನದಿನವೂ ಹೊಸದಾಗಿ ತುಂಬಿಸಬೇಕಾದ ಬಂಡವಾಳ. ತುಂಬಿಸುವವರು ಒಬ್ಬರೇ.

ಹಡಗಿನಿಂದ ಗಿರಣಿಗೆ

1907ರ ಡಿಸೆಂಬರಿನಲ್ಲಿ ಸೂರತ್ ಕಾಂಗ್ರೆಸ್ ನಡೆಯಿತು. ಮಂದಗಾಮಿಗಳೂ ತೀವ್ರವಾದಿಗಳೂ ಬೇರೆಯಾದ ಅಧಿವೇಶನ ಅದು. ಪಿಳ್ಳೈ ತಿಲಕರ ಕಡೆಯವರಾಗಿ ಅಲ್ಲಿಗೆ ಹೋಗಿ ಬಂದರು. ಬಂದ ಮೇಲೆ ಅವರ ಮಾತು ಇನ್ನೂ ಬಿಸಿಯಾಯಿತು. ಸುಬ್ರಹ್ಮಣ್ಯ ಶಿವ ಎಂಬ ಯುವಕ ಭಾಷಣಕಾರರು ಜೊತೆಯಾದರು. ತೂತುಕುಡಿಯ ಕಡಲತೀರದಲ್ಲಿ ಸಂಜೆ ಸಂಜೆ ಸಭೆ. ಸಾವಿರಾರು ಜನ.

ಕಂಪನಿಯ ನಿರ್ದೇಶಕರಲ್ಲಿ ಹಲವರಿಗೆ ಇದು ಹಿಡಿಸಲಿಲ್ಲ. ಅವರು ವ್ಯಾಪಾರಸ್ಥರು. ಸರ್ಕಾರದ ಕಣ್ಣು ಬಿದ್ದರೆ ಷೇರಿನ ದುಡ್ಡು ಹೋಗುತ್ತದೆ ಎಂಬ ಭಯ ಸಹಜವೇ. ಅವರನ್ನು ನಾನು ಹೇಡಿಗಳು ಎನ್ನಲಾರೆ. ಬೇರೆಯವರ ದುಡ್ಡಿಗೆ ಜವಾಬ್ದಾರರಾಗಿ ಕೂತವರು ಹಾಗೇ ಯೋಚಿಸಬೇಕು, ಅಲ್ವಾ? ಆದರೆ ಅವರ ಲೆಕ್ಕದಲ್ಲಿ ಒಂದು ತಪ್ಪಿತ್ತು. ರಾಜಕೀಯವನ್ನು ಅವರು ಕಂಪನಿಗೆ ಅಂಟಿದ ಅಪಾಯ ಎಂದು ಕಂಡರು. ಅದನ್ನು ಕಿತ್ತರೆ ಒಳ್ಳೆಯ ವ್ಯಾಪಾರ ಉಳಿಯುತ್ತದೆ ಎಂದುಕೊಂಡರು. ರಾಜಕೀಯ ಕಿತ್ತರೆ ಉಳಿಯುವುದು ಎರಡು ಹಡಗು, ಕಲ್ಲಿದ್ದಲಿನ ಬಿಲ್ಲು, ಮತ್ತು ಪುಕ್ಕಟೆ ಟಿಕೆಟ್ ಕೊಡುವ ಎದುರಾಳಿ.

ಪಿಳ್ಳೈ ಅವರ ಕಡೆಯಿಂದಲೂ ಒಂದು ಪ್ರಶ್ನೆ ಕೇಳಲೇಬೇಕು. ಕಂಪನಿ ಇನ್ನೂ ಕಾಲೂರುತ್ತಿರುವಾಗ ಅವರು ಇನ್ನೊಂದು ಜಗಳಕ್ಕೆ ಯಾಕೆ ಇಳಿದರು?

ಆ ಜಗಳವೇ ಕೋರಲ್ ಮಿಲ್ಸ್ ಮುಷ್ಕರ. 1908ರ ಫೆಬ್ರವರಿ 27ರಂದು ಗಿರಣಿಯ ಕೂಲಿಗಳು ಕೆಲಸ ನಿಲ್ಲಿಸಿದರು. ಕೂಲಿ ಕಡಿಮೆ, ದಿನ ಉದ್ದ, ವಾರದ ರಜೆ ಇಲ್ಲ. ಪಿಳ್ಳೈ ಮತ್ತು ಶಿವ ಅವರ ಬೆನ್ನಿಗೆ ನಿಂತರು. ಊರಿನವರಿಂದ ದುಡ್ಡು, ಅಕ್ಕಿ ಕೂಡಿಸಿ ಕೂಲಿಗಳ ಮನೆ ನಡೆಸಿದರು. ಒಂಬತ್ತು ದಿನಕ್ಕೆ ಗಿರಣಿ ಬಗ್ಗಿತು. ಕೂಲಿ ಏರಿತು, ಕೆಲಸದ ಹೊತ್ತು ಇಳಿಯಿತು, ಭಾನುವಾರ ರಜೆ ಸಿಕ್ಕಿತು. ನಮ್ಮ ದೇಶದಲ್ಲಿ ಕಾರ್ಮಿಕ ಸಂಘಗಳು ಗಟ್ಟಿಯಾಗಿ ಬೇರೂರುವ ಮೊದಲಿನ ಮಾತು ಇದು. ಮದ್ರಾಸಿನಲ್ಲಿ ಹೆಸರುವಾಸಿಯಾದ ಕಾರ್ಮಿಕ ಸಂಘ ಹುಟ್ಟಿದ್ದು 1918ರಲ್ಲಿ.

ಗಿರಣಿಯ ಹಾರ್ವೆಯವರೇ ಬಿ.ಐ. ಏಜೆಂಟರು ಎಂದು ಮೊದಲೇ ಹೇಳಿದೆ. ಅಂದರೆ ಸಮುದ್ರದ ಮೇಲೆ ದರದಲ್ಲಿ ಸೆಣಸುತ್ತಿದ್ದ ಮನೆಗೆ ಈಗ ನೆಲದ ಮೇಲೂ ಪೆಟ್ಟು ಬಿತ್ತು. ಇದು ಪಿಳ್ಳೈ ಅವರ ತಂತ್ರವೇ? ಹಾಗೆ ಓದಬಹುದು. ನನಗೆ ಮಾತ್ರ ಅವರ ಉದ್ದೇಶ ಸರಳವಾಗಿ ಕಾಣುತ್ತದೆ. ಅವರ ಹಡಗಿನ ಸಾಮಾನ್ಯ ದರ್ಜೆಯಲ್ಲಿ ಕೂರುವವರೂ ಗಿರಣಿಯಲ್ಲಿ ನೂಲು ತೆಗೆಯುವವರೂ ಒಂದೇ ಕೇರಿಯ ಜನ. ಹಡಗು ಹತ್ತುವಾಗ ನಮ್ಮವರು, ಗಿರಣಿಗೆ ಹೋದಾಗ ಯಾರೋ ಎಂದು ಹೇಳಲು ಅವರಿಗೆ ಬರಲಿಲ್ಲ. ವ್ಯಾಪಾರದ ಬುದ್ಧಿ ಹೇಳಿದ್ದರೆ ಅವರು ಮನೆಯಲ್ಲೇ ಇರುತ್ತಿದ್ದರು. ಹಾಗೆ ಮನೆಯಲ್ಲಿ ಕೂರುವವರಾಗಿದ್ದರೆ ಅವರ ಎಂಟಾಣೆ ಟಿಕೆಟ್ಟನ್ನು ಯಾರೂ ಕೊಳ್ಳುತ್ತಿರಲಿಲ್ಲ.

ಮಾರ್ಚ್ 9 ಬಂಗಾಳದ ತೀವ್ರವಾದಿ ನಾಯಕ ಬಿಪಿನ್ ಚಂದ್ರ ಪಾಲ್ ಜೈಲಿನಿಂದ ಬಿಡುಗಡೆಯಾದ ದಿನ. ಸರ್ಕಾರ ಬೇಡ ಎಂದರೂ ಸಂಭ್ರಮ ನಡೆಯಿತು. ಮಾರ್ಚ್ 12ರಂದು ತಿರುನೆಲ್ವೇಲಿಯಲ್ಲಿ ಕಲೆಕ್ಟರ್ ವಿಂಚ್ ಅವರ ಎದುರು ಹಾಜರಾದಾಗ ಪಿಳ್ಳೈ, ಶಿವ ಇಬ್ಬರನ್ನೂ ಬಂಧಿಸಿದರು. ಮರುದಿನ ತಿರುನೆಲ್ವೇಲಿ ಹೊತ್ತಿಕೊಂಡಿತು. ಸರ್ಕಾರಿ ಕಟ್ಟಡಗಳಿಗೆ ಬೆಂಕಿ, ಪೊಲೀಸರ ಗುಂಡು, ನಾಲ್ಕು ಸಾವು. ತೂತುಕುಡಿಯಲ್ಲಿ ಅಂಗಡಿಗಳು ಮುಚ್ಚಿದವು, ಗಿರಣಿಯವರು ಮತ್ತೆ ಕೆಲಸ ಬಿಟ್ಟರು. ಪಿಳ್ಳೈ ವಿರೋಧಿ ಎಂದು ಗೊತ್ತಾದ ಗಿರಾಕಿಯನ್ನು ಕ್ಷೌರಿಕ ಅರ್ಧ ಮುಖ ಬೋಳಿಸಿ ಹಾಗೇ ಬಿಟ್ಟ ಎಂಬ ಕತೆಯೂ ಇದೆ.

ನಲವತ್ತು ವರ್ಷ

1908ರ ಜುಲೈ 7ರಂದು ನ್ಯಾಯಾಧೀಶ ಪಿನ್ಹೆ ತೀರ್ಪು ಕೊಟ್ಟರು. ರಾಜದ್ರೋಹಕ್ಕೆ ಒಂದು ಜೀವಾವಧಿ, ಶಿವ ಅವರಿಗೆ ಕುಮ್ಮಕ್ಕು ಕೊಟ್ಟದ್ದಕ್ಕೆ ಇನ್ನೊಂದು. ಒಂದೊಂದು 20 ವರ್ಷದಂತೆ ನಲವತ್ತು ವರ್ಷ. ಆಗ ಅವರ ವಯಸ್ಸು 35. ಲಂಡನ್ನಿನಲ್ಲಿ ಕೂತ ಭಾರತ ಸಚಿವ ಜಾನ್ ಮಾರ್ಲಿ ಕೂಡ ಆ ಕಾಲದ ಇಂಥ ಭಾರೀ ಶಿಕ್ಷೆಗಳನ್ನು ಕಂಡು ವೈಸ್‌ರಾಯ್‌ಗೆ ಕಳವಳದಿಂದ ಬರೆದಿದ್ದರು. ಮೇಲ್ಮನವಿಯಲ್ಲಿ ಶಿಕ್ಷೆ ಇಳಿಯಿತು. ಆದರೂ ಅವರು ಹೊರಬಂದದ್ದು 1912ರ ಡಿಸೆಂಬರಿನಲ್ಲಿ.

ಆ ನಾಲ್ಕೂವರೆ ವರ್ಷದಲ್ಲಿ ಹೆಚ್ಚಿನ ಕಾಲ ಕೊಯಮತ್ತೂರು ಜೈಲಿನಲ್ಲಿ, ಕೊನೆಗೆ ನಮ್ಮ ಮಂಗಳೂರಿನಿಂದ ಹೆಚ್ಚು ದೂರವಿಲ್ಲದ ಕಣ್ಣೂರು ಜೈಲಿನಲ್ಲಿ ಕಳೆದರು. ಕೊಯಮತ್ತೂರಿನಲ್ಲಿ ಅವರನ್ನು ಎತ್ತಿನ ಜಾಗದಲ್ಲಿ ಗಾಣಕ್ಕೆ ಕಟ್ಟಿದರು. ಬಿಸಿಲಿನಲ್ಲಿ ಎಣ್ಣೆ ಗಾಣ ಎಳೆಯಬೇಕು. ಆ ಗಾಣ ಈಗ ಚೆನ್ನೈನ ಗಾಂಧಿ ಮಂಟಪದ ಆವರಣದಲ್ಲಿದೆ. ಹಡಗು ಕಂಪನಿಯ ಚರಿತ್ರೆಯನ್ನು ಎಷ್ಟೇ ಲೆಕ್ಕದ ಭಾಷೆಯಲ್ಲಿ ಹೇಳಿದರೂ ಈ ಗಾಣದ ಹತ್ತಿರ ಬಂದಾಗ ಮಾತು ನಿಲ್ಲುತ್ತದೆ.

ಕಂಪನಿ ನಿಂತದ್ದು

ಅವರು ಜೈಲಿಗೆ ಹೋದ ದಿನವೇ ಕಂಪನಿ ಮುಚ್ಚಲಿಲ್ಲ. ಹಡಗು ಓಡಿದವು. ಕೊನೆಗೆ 1911ರಲ್ಲಿ ಕಂಪನಿಯನ್ನು ಮುಚ್ಚಿ ಆಸ್ತಿ ಮಾರಿದರು. ಗ್ಯಾಲಿಯಾ ಹೋಗಿ ಸೇರಿದ್ದು ಬಿ.ಐ. ಕೈಗೆ. ಫ್ರಾನ್ಸಿನಿಂದ ತಂದ ಹಡಗು ಎದುರಾಳಿಯ ಪಾಲಾಯಿತು ಎಂಬ ಸುದ್ದಿ ಜೈಲಿನಲ್ಲಿದ್ದ ಅವರಿಗೆ ಎಷ್ಟು ನೋವು ಕೊಟ್ಟಿರಬೇಕು.

ಅದೇ 1911ರ ಜೂನ್ 17ರಂದು ಮಣಿಯಾಚ್ಚಿ ಜಂಕ್ಷನ್‌ನಲ್ಲಿ ತಿರುನೆಲ್ವೇಲಿ ಕಲೆಕ್ಟರ್ ಆಶ್ ಅವರನ್ನು ವಾಂಚಿನಾಥನ್ ಗುಂಡಿಟ್ಟು ಕೊಂದು, ತಾನೂ ಜೀವ ಕಳೆದುಕೊಂಡ. 1908ರಲ್ಲಿ ಆಶ್ ತೂತುಕುಡಿಯ ಕಡೆ ಅಧಿಕಾರಿಯಾಗಿದ್ದವರು. ಹಡಗು ಕಂಪನಿಯನ್ನು ತುಳಿದ ಸಿಟ್ಟು ಆ ಗುಂಡಿನ ಹಿಂದಿನ ಕಾರಣಗಳಲ್ಲಿ ಒಂದು ಎಂದು ಅಲ್ಲಿನವರು ಹೇಳುತ್ತಾ ಬಂದಿದ್ದಾರೆ. ನಿಲ್ದಾಣದ ಹೆಸರಿಗೆ ವಾಂಚಿ ಸೇರಿದ್ದು ಹೀಗೆ.

ಹಾಗಾದರೆ ಕಂಪನಿಯನ್ನು ಕೊಂದದ್ದು ಯಾವುದು? ದರ ಯುದ್ಧ ಅದನ್ನು ಬಡವಾಗಿಸಿತು. ಆದರೆ ಬಡವಾದ ಕಂಪನಿಗೂ ಹೊಸ ಷೇರು ಮಾರಿ, ಹೊಸ ಸಭೆ ನಡೆಸಿ ಉಸಿರು ತುಂಬುವ ಒಬ್ಬರಿದ್ದರು. ಅವರನ್ನು ಸರ್ಕಾರ ಎತ್ತಿಕೊಂಡು ಹೋಯಿತು. ಅವರಿಲ್ಲದೆ ಎಂಟಾಣೆ ಬರೀ ಎಂಟಾಣೆ ಆಯಿತು. ಆಗ ಪುಕ್ಕಟೆ ಹಡಗಿನ ಎದುರು ಅದು ಜಾಸ್ತಿಯೇ ಅಲ್ವಾ? ಕಂಪನಿಯ ಒಳಗೆ ಎರಡನೇ ಸಾಲಿನ ನಾಯಕರು ಬೆಳೆದಿರಲಿಲ್ಲ. ಅದು ಪಿಳ್ಳೈ ಅವರ ಕೊರತೆ ಎಂದೇ ನಾನು ಹೇಳುತ್ತೇನೆ. ಜೈಲಿಗೆ ಹೋಗಬಹುದು ಎಂದು ಗೊತ್ತಿದ್ದ ಮನುಷ್ಯ ತಾನಿಲ್ಲದ ದಿನಕ್ಕೆ ಕಂಪನಿಯನ್ನು ಸಿದ್ಧ ಮಾಡಿರಲಿಲ್ಲ. ಹದಿನೇಳು ತಿಂಗಳಲ್ಲಿ ಅದು ಆಗುವ ಕೆಲಸವೂ ಅಲ್ಲ ಎಂಬುದು ನಿಜ. ನೋಂದಣಿಯಿಂದ ಬಂಧನದವರೆಗೆ ಅವರಿಗೆ ಸಿಕ್ಕದ್ದು ಅಷ್ಟೇ ಕಾಲ.

ಇನ್ನೊಂದು ವಿಷಯವನ್ನು ಈ ಕತೆ ಹೇಳುವವರು ಹೆಚ್ಚಾಗಿ ಬಿಟ್ಟುಬಿಡುತ್ತಾರೆ. 1914ರಲ್ಲಿ ಪಾಂಬನ್ ಸೇತುವೆ ತೆರೆಯಿತು. ರೈಲು ನೇರ ಧನುಷ್ಕೋಡಿಗೆ ಹೋಯಿತು. ಅಲ್ಲಿಂದ ಸಿಲೋನಿನ ದಡದ ತಲೈಮನ್ನಾರ್ ಹಡಗಿನಲ್ಲಿ ಕೆಲವೇ ಗಂಟೆಯ ದಾರಿ. ಮದ್ರಾಸಿನಿಂದ ಕೊಲಂಬೊ ಹಡಗಿಗೆ ಜನರನ್ನು ತಲುಪಿಸುವ ಬೋಟ್ ಮೇಲ್ ರೈಲು ತೂತುಕುಡಿಯನ್ನು ಬಿಟ್ಟು ಆ ಕಡೆ ತಿರುಗಿತು. ಸ್ವದೇಶಿ ಕಂಪನಿ 1911ರಲ್ಲಿ ಮುಚ್ಚದೆ ಉಳಿದಿದ್ದರೂ ಮೂರೇ ವರ್ಷದಲ್ಲಿ ಅದರ ಪ್ರಯಾಣಿಕರಲ್ಲಿ ದೊಡ್ಡ ಪಾಲು ಸೇತುವೆ ದಾಟಿ ಹೋಗುತ್ತಿತ್ತು. ಸರಕು ಸಾಗಣೆಗೋ ಬೇರೆ ಬಂದರಿಗೋ ತಿರುಗಿಕೊಳ್ಳಬೇಕಾಗುತ್ತಿತ್ತು. ತಿರುಗಿಕೊಳ್ಳುವ ಧೈರ್ಯ ಪಿಳ್ಳೈ ಅವರಿಗೆ ಇತ್ತು. ಅವಕಾಶ ಸಿಗಲಿಲ್ಲ.

ಮುಂದೆ ಈ ದಾರಿಯಲ್ಲಿ ಉಳಿದು ತೋರಿಸಿದ್ದು ಸಿಂಧಿಯಾ ಕಂಪನಿ. ವಾಲ್‌ಚಂದ್ ಹೀರಾಚಂದ್, ನರೋತ್ತಮ್ ಮೊರಾರ್ಜಿ ಮೊದಲಾದವರು ಕಟ್ಟಿದ್ದು. ಅವರ ಎಸ್.ಎಸ್. ಲಾಯಲ್ಟಿ 1919ರ ಏಪ್ರಿಲ್ 5ರಂದು ಮುಂಬೈಯಿಂದ ಲಂಡನ್ನಿಗೆ ಹೊರಟಿತು. ಆ ದಿನವನ್ನೇ ನಾವು ರಾಷ್ಟ್ರೀಯ ಕಡಲ ದಿನ ಎನ್ನುತ್ತೇವೆ. ಅವರ ಬಂಡವಾಳ ನಾಲ್ಕೂವರೆ ಕೋಟಿ, ತೂತುಕುಡಿ ಕಂಪನಿಯ 45 ಪಟ್ಟು. ಅವರ ಮೇಲೂ ಬಿ.ಐ. ದರ ಯುದ್ಧ ನಡೆಸಿತು. 1923ರಲ್ಲಿ ಸಿಂಧಿಯಾದವರು ಬಿ.ಐ. ಮುಖ್ಯಸ್ಥ ಲಾರ್ಡ್ ಇಂಚ್‌ಕೇಪ್ ಜೊತೆ ಹತ್ತು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದರು. ಎಷ್ಟು ಹಡಗು ಇಟ್ಟುಕೊಳ್ಳಬಹುದು ಎಂಬುದಕ್ಕೆ ಮಿತಿ ಒಪ್ಪಿಕೊಂಡರು. ಹಾಗೆ ಬಗ್ಗಿ ಉಳಿದರು. ಪಿಳ್ಳೈ ಆ ಕಾಗದಕ್ಕೆ ಸಹಿ ಹಾಕುತ್ತಿದ್ದರೇ? ನನಗೆ ನಂಬಿಕೆಯಿಲ್ಲ. ಆದರೂ ಸಿಂಧಿಯಾದವರನ್ನು ಹಗುರವಾಗಿ ಕಾಣಬಾರದು. ಉಳಿಯುವುದಕ್ಕೂ ಗಟ್ಟಿ ಎದೆ ಬೇಕು.

ಅಂಗಡಿ

1912ರಲ್ಲಿ ಹೊರಬಂದಾಗ ಪಿಳ್ಳೈ ಅವರಿಗೆ ವಕೀಲಿ ಸನದು ಇರಲಿಲ್ಲ. ತಮ್ಮ ಜಿಲ್ಲೆಗೆ ಹೋಗಲು ಬಿಡಲಿಲ್ಲ. ಹೆಂಡತಿ, ಎರಡು ಮಕ್ಕಳೊಂದಿಗೆ ಮದ್ರಾಸಿನಲ್ಲಿ ನೆಲೆಸಿದರು. ಈಗ ನಿಜವಾಗಿ ವ್ಯಾಪಾರಿಯಾದರು. ಅಕ್ಕಿ, ತುಪ್ಪ, ಸೀಮೆಎಣ್ಣೆ ಮಾರುವ ಅಂಗಡಿ. ಹಿಂದೆ ಸಾವಿರಾರು ಜನ ಅವರ ಮಾತು ಕೇಳಿ ಷೇರು ಕೊಂಡಿದ್ದರು. ಈ ಅಂಗಡಿಗೆ ಬರುವವನಿಗೆ ಬೇಕಾದ್ದು ಒಂದು ಸೇರು ಎಣ್ಣೆ. ವ್ಯಾಪಾರ ಕೈ ಹಿಡಿಯಲಿಲ್ಲ.

ದಕ್ಷಿಣ ಆಫ್ರಿಕಾದ ತಮಿಳರು ಅವರನ್ನು ಮರೆತಿರಲಿಲ್ಲ. ಅವರಿಗಾಗಿ ಒಂದಷ್ಟು ದುಡ್ಡು ಕೂಡಿಸಿ, 1915ರಲ್ಲಿ ಭಾರತಕ್ಕೆ ಮರಳಿದ ಗಾಂಧಿಯವರ ಮೂಲಕ ತಲುಪಿಸಲು ನೋಡಿದರು. ಆ ದುಡ್ಡಿನ ಬಗ್ಗೆ ಪಿಳ್ಳೈ ಮತ್ತು ಗಾಂಧಿ ನಡುವೆ ತಿಂಗಳುಗಟ್ಟಲೆ ಪತ್ರ ಓಡಾಡಿತು. ಯಾರು ಕೊಟ್ಟದ್ದು, ಎಷ್ಟು, ಎಲ್ಲಿದೆ ಎಂಬ ವಿಚಾರಣೆ. ಪಿಳ್ಳೈ ನಾಚಿಕೆಪಡದೆ, ಆದರೆ ಮರ್ಯಾದೆ ಬಿಡದೆ ಕೇಳುತ್ತಾ ಹೋದರು. ಕೊನೆಗೆ ಬಂದ ಮೊತ್ತ 347 ರೂಪಾಯಿ 12 ಆಣೆ. 10 ಲಕ್ಷದ ಕಂಪನಿಯ ಹಿಂದೆ ಬೆನ್ನೆಲುಬಾಗಿ ನಿಂತಿದ್ದವರು 347 ರೂಪಾಯಿಗೆ ಕಾದರು. ಅದೂ ಅವರು ಸಾಗಿಸಿದಂಥ ಕೂಲಿ ಜನರೇ ಇನ್ನೊಂದು ಸಮುದ್ರದ ಆಚೆಯಿಂದ ಕಳಿಸಿದ್ದು. ಈ ಮೊತ್ತವನ್ನು ನಾನು ಕಂಪನಿಯ ಕೊನೆಯ ಡಿವಿಡೆಂಡ್ ಎಂದೇ ಭಾವಿಸುತ್ತೇನೆ.

1920ರ ಹೊತ್ತಿಗೆ ಗಾಂಧಿಯವರ ಅಸಹಕಾರದ ದಾರಿ ಒಪ್ಪದೆ ಕಾಂಗ್ರೆಸ್ಸಿನಿಂದ ದೂರವಾದರು. ಕೊಯಮತ್ತೂರಿನಲ್ಲಿ ಸ್ವಲ್ಪ ಕಾಲ ಬ್ಯಾಂಕ್ ಮ್ಯಾನೇಜರ್ ಕೆಲಸ ಮಾಡಿದರು. ಅದೇ ಊರಿನ ಜೈಲಿನಲ್ಲಿ ಗಾಣ ಎಳೆದಿದ್ದವರು. ಸಂಬಳ ಸಾಲಲಿಲ್ಲ. ವಕೀಲಿ ಮಾಡಲು ಮತ್ತೆ ಅನುಮತಿ ಕೇಳಿದರು. ವ್ಯಾಲೇಸ್ ಎಂಬ ಇಂಗ್ಲಿಷ್ ನ್ಯಾಯಾಧೀಶರು ಸನದು ವಾಪಸ್ ಕೊಡಿಸಿದರು. ಆ ಉಪಕಾರ ನೆನೆದು ಕೊನೆಯ ಮಗನಿಗೆ ವಾಲೇಶ್ವರನ್ ಎಂದು ಹೆಸರಿಟ್ಟರು. ಬ್ರಿಟಿಷ್ ಕಂಪನಿಯ ಎದುರು ಬದುಕು ಸುಟ್ಟುಕೊಂಡವರ ಮನೆಯಲ್ಲಿ ಒಬ್ಬ ಬ್ರಿಟಿಷರ ಹೆಸರಿನ ಮಗು. ಅವರ ಜಗಳ ಯಾರ ಜೊತೆ ಇತ್ತು, ಯಾರ ಜೊತೆ ಇರಲಿಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ.

ಆಮೇಲೆ ಕೋವಿಲ್‌ಪಟ್ಟಿಯಲ್ಲಿ ವಕೀಲಿ. 1932ರ ಹೊತ್ತಿಗೆ ಮತ್ತೆ ತೂತುಕುಡಿ. ತಮಿಳಿನ ಹಳೆಯ ಗ್ರಂಥಗಳನ್ನು ಸಂಪಾದಿಸುವುದು, ಬರೆಯುವುದು. ಅಂಗಡಿ ಸಾಲ ಇದ್ದೇ ಇತ್ತು. 1936ರ ನವೆಂಬರಿನಲ್ಲಿ ಆರೋಗ್ಯ ತೀರಾ ಕೆಟ್ಟಿತು. ತಮ್ಮನ್ನು ಊರಿನ ಕಾಂಗ್ರೆಸ್ ಕಚೇರಿಗೆ ಕರೆದೊಯ್ಯಲು ಕೇಳಿಕೊಂಡರು. ನವೆಂಬರ್ 18ರಂದು ಅಲ್ಲೇ ತೀರಿಕೊಂಡರು. 2011ರಲ್ಲಿ ತೂತುಕುಡಿ ಬಂದರಿಗೆ ಅವರ ಹೆಸರಿಟ್ಟರು. ಈಗ ಅಲ್ಲಿಗೆ ಬರುವ ಪ್ರತಿ ಹಡಗೂ ವಿ. ಓ. ಚಿದಂಬರನಾರ್ ಬಂದರಿಗೇ ಬರುತ್ತದೆ.